ಅಳಿಯ ಹಾಕಿದ ನೆಟ್‌ವರ್ಕ್ ಕಾರ್ಡು

ಮೂಡಲಗಿಯ ಗೊಬ್ಬರದಂಗಡಿ ವೀರಪ್ಪನಿಗೆ ಸಿಟ್ಟು ತರಿಸಲಾಗದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದ, ಅವನು ಹುಕ್ಕೇರಿಯಲ್ಲಿದ್ದ. ಉಳಿದವರೆಲ್ಲರ ಮೇಲೂ ವೀರಪ್ಪ ಯಾರಿಗೂ ಅನ್ಯಾಯವಾಗದ ಹಾಗೆ ಸಿಟ್ಟಾಗುತ್ತಿದ್ದ. ಬೆಳಿಗ್ಗೆ ಶಟರ್ ಏಳದಿದ್ದರೆ ಶಟರಿನ ಮೇಲೆ, ಎದ್ದರೆ ಎದುರಿನ ಚಹಾದಂಗಡಿ ಸತ್ಯಪ್ಪನ ಮೇಲೆ. ಚಹಾ ಬಂದರೆ ಸಕ್ಕರೆ ಹೆಚ್ಚಾಯಿತೆಂದು, ಬಾರದಿದ್ದರೆ ಬರಲಿಲ್ಲವೆಂದು. ಲಾರಿಯ ಡ್ರೈವರು, ಕೃಷಿ ಇಲಾಖೆಯ ಸಾಹೇಬರು, ಬ್ಯಾಂಕಿನ ಮ್ಯಾನೇಜರು, ಅಂಗಡಿಯ ಮುಂದೆ ಮಲಗುವ ಎಮ್ಮೆ, ಯಾರೂ ಈ ಮರ್ಯಾದೆ ತಪ್ಪಿಸಿಕೊಂಡವರಲ್ಲ. ಊರು ಅವನ ಸಿಟ್ಟಿಗೆ ಎಷ್ಟು ಒಗ್ಗಿಹೋಗಿತ್ತೆಂದರೆ, ಯಾವತ್ತಾದರೂ ಅವನು ಒದರದಿದ್ದರೆ ಸತ್ಯಪ್ಪ ರಸ್ತೆ ದಾಟಿ ಬಂದು, "ಯಾಕ್ರಿ ಕಾಕಾ, ಮೈಯಾಗ ಆರಾಮ ಇಲ್ಲೇನ್ರಿ?" ಎಂದು ಕೇಳುತ್ತಿದ್ದ. ಆಗ ವೀರಪ್ಪ ಒದರುತ್ತಿದ್ದ, ಸತ್ಯಪ್ಪ ಸಮಾಧಾನದಿಂದ ತಿರುಗಿ ಹೋಗುತ್ತಿದ್ದ.

ಆ ಒಬ್ಬನೇ ಒಬ್ಬ ಮನುಷ್ಯ ಅವನ ಅಳಿಯ ಅಭಿಷೇಕ. ಆ ಬೇಸಿಗೆಯಲ್ಲಿ ವೀರಪ್ಪ ಅವನಿಗೆ ಒಬ್ಬಳೇ ಮಗಳು ಲಕ್ಷ್ಮೀಯನ್ನು ಕೊಟ್ಟು ಮದುವೆ ಮಾಡಿದ್ದ. ಹುಡುಗನದು ಹುಕ್ಕೇರಿಯಲ್ಲಿ ಕಂಪ್ಯೂಟರ್ ಅಂಗಡಿ. ಅಳಿಯನೆಂದರೆ ನಮ್ಮ ಕಡೆ ಏನು ಎತ್ತ ಎಂದು ಬಲ್ಲವರು ಬಲ್ಲರು. ಅವನು ಬಂದರೆ ಮನೆಗೆ ಮನೆಯೇ ಎದ್ದು ನಿಲ್ಲಬೇಕು, ಹೋಗುವಾಗ ಬಟ್ಟೆಬರೆ ಕೊಟ್ಟು ಆಹೇರಿ ಮಾಡಬೇಕು, ಅವನು ಸುಳ್ಳು ಹೇಳಿದರೆ ಹೌದೆನ್ನಬೇಕು, ಖರೆ ಹೇಳಿದರೆ ಇನ್ನೂ ಜೋರಾಗಿ ಹೌದೆನ್ನಬೇಕು. ಊರೆಲ್ಲ ಒದರುವ ವೀರಪ್ಪ ಅಭಿಷೇಕನ ಮುಂದೆ ನಿಂತರೆ ಅವನ ಬಾಯಿಂದ ಬೆಣ್ಣೆ ಸೋರುತ್ತಿತ್ತು. ಅದನ್ನು ನೋಡಲೆಂದೇ ಸತ್ಯಪ್ಪ ಚಹಾದ ಒಲೆ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದ.

ಇಂಥ ಸಂಸಾರದಲ್ಲಿ ಮುಂಗಾರು ಮಳೆ ಒಂದು ಸಿಡಿಲು ಹಾಕಿತು. ಅಂಗಡಿಯ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ಟಿನ ವೈರು ಸಿಕ್ಕಿಸುವ ಬಾಯಿ ಸುಟ್ಟುಹೋಯಿತು. ಸುಟ್ಟರೆ ಸುಡಲಿ ಎಂದು ಸುಮ್ಮನಿರುವ ಕಾಲ ಇದಲ್ಲ. ಈಗ ರೈತ ಬಂದು ಹೆಬ್ಬೆಟ್ಟು ಒತ್ತಬೇಕು, ಅದು ಇಂಟರ್‌ನೆಟ್ಟಿನಲ್ಲಿ ಎಲ್ಲಿಗೋ ಹೋಗಿ ಇವನು ಇವನೇ ಹೌದು ಎನ್ನಿಸಿಕೊಂಡು ಬರಬೇಕು, ಬಿಲ್ಲು ಹೊರಬೀಳಬೇಕು, ಆಮೇಲೆ ಯೂರಿಯಾ ಚೀಲ ಅಂಗಡಿಯ ಹೊಸ್ತಿಲು ದಾಟಬೇಕು. ಮೊದಲು ಈ ಕೆಲಸವನ್ನೆಲ್ಲ ಲಕ್ಷ್ಮೀ ಕುರ್ಚಿಯಲ್ಲಿ ಕೂತು ಚಕಚಕನೆ ಮಾಡಿ ಮುಗಿಸುತ್ತಿದ್ದಳು. ಅವಳು ಗಂಡನ ಮನೆಗೆ ಹೋದ ಮೇಲೆ ವೀರಪ್ಪ ಒಂದೇ ಬೆರಳಿನಲ್ಲಿ, ಕೀಲಿಮಣೆಗೆ ಬೈಯುತ್ತ ಬೈಯುತ್ತ ಮಾಡುತ್ತಿದ್ದ.

ಸುದ್ದಿ ತಿಳಿದು ಅಳಿಯ ಬೈಕಿನ ಮೇಲೆ ಬಂದ. ಕಂಪ್ಯೂಟರಿನ ಹೊಟ್ಟೆ ಬಿಚ್ಚಿದ, ಅಂಗಿಯ ಕಿಸೆಯಿಂದ ಅಂಗೈಯಗಲದ ಒಂದು ಹಸಿರು ಹಲಗೆ ತೆಗೆದ, ಒಳಗೆ ಸಿಕ್ಕಿಸಿ ತಿರುಪು ಬಿಗಿದ. "ಇದಕ್ಕ ನೆಟ್‌ವರ್ಕ್ ಕಾರ್ಡ್ ಅಂತಾರ್ರಿ ಮಾವಾರ. ವೈರ್ ಇನ್ನ ಇದಕ್ಕ ಹಚ್ಚೂದು. ಹೊಸಾ ಮಾಲ್," ಎಂದ. ವೀರಪ್ಪ ಗೊಬ್ಬರದ ಚೀಲವನ್ನು ಒಳಗೆ ಬಿಟ್ಟುಕೊಳ್ಳುವ ಮುಂಚೆ ಅದರ ಹೊಲಿಗೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡುವವನು. ಒಂದು ದಾರ ಬೇರೆ ಬಣ್ಣದ್ದಿದ್ದರೆ ಲಾರಿಯನ್ನೇ ತಿರುಗಿಸಿ ಕಳಿಸುವವನು. ಅಂಥವನು ಡಬ್ಬಿಯಿಲ್ಲದೆ, ಕಾಗದದ ಸುತ್ತೂ ಇಲ್ಲದೆ, ಕಿಸೆಯಿಂದ ಬೆತ್ತಲೆ ಬಂದ ಕಾರ್ಡನ್ನು ಕಣ್ಣೆತ್ತಿ ನೋಡಲಿಲ್ಲ. ಅಳಿಯನಿಗೆ ಹೋಳಿಗೆ ಊಟವಾಯಿತು, ಪ್ಯಾಂಟು ಶರ್ಟಿನ ಬಟ್ಟೆಯ ಆಹೇರಿಯಾಯಿತು. ಬೈಕು ಓಣಿ ದಾಟುತ್ತಲೇ ವೀರಪ್ಪ ಅಂಗಡಿಯ ಮುಂದೆ ನಿಂತು ಇಡೀ ಪೇಟೆಗೆ ಕೇಳುವಂತೆ ಹೇಳಿದ: "ಅಳಿಯಂದ್ರು ಕೈಯಾರೆ ಹಾಕ್ಯಾರ. ನನ್ನ ಮೊಮ್ಮಕ್ಕಳ ಕಾಲಕ್ಕೂ ಇದು ಅಲುಗಂಗಿಲ್ಲ."

ಕಾರ್ಡು ಮರುದಿನ ಬೆಳಿಗ್ಗೆಯೇ ಅಲುಗಿತು.

ಯೂರಿಯಾ ಬಂದಿತ್ತು. ರೈತರ ಪಾಳಿ ಸತ್ಯಪ್ಪನ ಅಂಗಡಿ ದಾಟಿ ತಿರುವಿನವರೆಗೂ ಹೋಗಿತ್ತು. ಪಾಳಿಯ ಮುಂದೆ ಕೌಜಲಗಿಯ ಲಗಮವ್ವ. ಕುರಿ ಕಾಯ್ದು, ಹೊಲ ಮಾಡಿ, ಮೂರು ಮಂದಿ ಸೊಸೆಯರನ್ನು ಆಳಿದ ಹೆಣ್ಣುಮಗಳು. ಅವಳಿಗೆ ವೀರಪ್ಪನ ಸಿಟ್ಟು ಸೊಳ್ಳೆ ಇದ್ದ ಹಾಗೆ. ಅವಳು ಹೆಬ್ಬೆಟ್ಟು ಒತ್ತಿದಳು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ತಿರುಗಿತು, ನಿಂತಿತು. ಮತ್ತೆ ಒತ್ತಿದಳು, ಮತ್ತೆ ತಿರುಗಿತು.

"ಏನ್ರಿ ಸಾವಕಾರ್ರ, ಒತ್ತಿ ಒತ್ತಿ ನನ್ನ ಹೆಬ್ಬಟ್ಟಿನ ಗೆರಿ ಎಲ್ಲಾ ನಿಮ್ಮ ಮಿಷನ್ನಿಗೆ ಹತ್ತಿದ್ವು. ಇನ್ನ ಮ್ಯಾಲ ರೇಶನ್ ಅಂಗಡ್ಯಾಗ ಏನ್ ಒತ್ಲಿ, ಮೂಗ ಒತ್ಲ್ಯಾ?"

"ಸರಕಾರದ ನೆಟ್ಟ ಇಲ್ಲ, ನಾ ಏನ ಮಾಡ್ಲಿ?" ಎಂದು ವೀರಪ್ಪ ಒದರಿದ.

"ಬಾಜೂ ಅಂಗಡ್ಯಾಗ ಚೀಲ ಹೊಂಟಾವಲ್ಲ. ಅವ್ರಿಗೆ ಬ್ಯಾರೆ ಸರಕಾರ ಐತೇನ್ರಿ?"

ಪಾಳಿಯೆಲ್ಲ ನಕ್ಕಿತು. ವೀರಪ್ಪನಿಗೆ ಮೈ ಉರಿದುಹೋಯಿತು. ಕಾರ್ಡು ಕೆಟ್ಟಿದೆ ಎನ್ನುವಂತಿರಲಿಲ್ಲ, ಪೇಟೆಗೆಲ್ಲ ಸಾರಿದ್ದ. ಹಾಗಾಗಿ ಅವನು ಮೊದಲು ಸರಕಾರವನ್ನು ಬೈದ, ಆಮೇಲೆ ಟವರನ್ನು, ಆಮೇಲೆ ಹಿಡಕಲ್ ಡ್ಯಾಮಿಗೆ ಬಿದ್ದ ಮಳೆಯನ್ನು. ಕೊನೆಗೆ ಟೆಲಿಫೋನ್ ಕಚೇರಿಗೆ ಹೋಗಿ ಮೇಜು ಗುದ್ದಿ, ಅಲ್ಲಿಯ ಮನುಷ್ಯನನ್ನು ಎಬ್ಬಿಸಿಕೊಂಡೇ ಬಂದ. ಆ ಮನುಷ್ಯ ವೈರನ್ನು ತನ್ನ ಪುಟ್ಟ ಯಂತ್ರಕ್ಕೆ ಹಚ್ಚಿ ನೋಡಿ, "ಲೈನ್ ಚಲೋ ಐತ್ರಿ. ನಿಮ್ಮ ಕಾರ್ಡಿನಾಗ ದೋಷ ಐತಿ. ಯಾವನರೆ ಅರೆಬರೆ ಕಲತಾಂವ ಹಾಕಿರಬೇಕ," ಎಂದ.

"ಯಾರಿಗಿ ಅರೆಬರೆ ಅಂತೀಯೋ? ಅಂವ ನಮ್ಮ ಅಳಿಯ ಅದಾನ. ಕಂಪ್ಯೂಟರಿನಾಗ ಹುಟ್ಟಿ ಕಂಪ್ಯೂಟರಿನಾಗ ಬೆಳದಾನ."

"ಹಂಗಾರ ಕಂಪ್ಯೂಟರಿಗೇ ಕೇಳ್ರಿ," ಎಂದು ಆ ಮನುಷ್ಯ ಚೀಲ ಹೆಗಲಿಗೇರಿಸಿ ಹೊರಟುಹೋದ.

ಮನೆಯಲ್ಲಿ ಹೆಂಡತಿ ಕಾಶೆವ್ವ ನಾಗರ ಪಂಚಮಿಯ ಉಂಡಿಗೆಂದು ಶೇಂಗಾ ಹುರಿಯುತ್ತಿದ್ದಳು. ಮದುವೆಯಾದ ಮೇಲಿನ ಮೊದಲ ಪಂಚಮಿ. ಮಗಳು ತವರಿಗೆ ಬರಬೇಕು, ಜೋಕಾಲಿ ಆಡಬೇಕು, ಓಣಿಯ ಹೆಂಗಸರೆಲ್ಲ ಬಂದು ಅವಳ ಕೈ ಹಿಡಿದು ಸುಖವಾಗಿದ್ದೀಯೇನವ್ವ ಎಂದು ಕೇಳಬೇಕು. ಮೊದಲ ಪಂಚಮಿಗೆ ಮಗಳು ಬಾರದ ಮನೆಯೆಂದರೆ ಊರು ಒಂದು ವರ್ಷ ಅದನ್ನೇ ಜಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಕಾಶೆವ್ವನಿಗೆ ಮಗಳನ್ನು ನೋಡಬೇಕಿತ್ತು. ಲಕ್ಷ್ಮೀಯ ಕೊಠಡಿಯ ಕಡೆ ಹೋದರೆ ಅವಳಿಗೆ ಅಳು ಬರುತ್ತಿತ್ತು, ವೀರಪ್ಪನಿಗೂ ಬರುತ್ತಿತ್ತು. ಅವನು ಅದನ್ನು ಸಿಟ್ಟೆಂದು ಕರೆಯುತ್ತಿದ್ದ.

"ಹುಕ್ಕೇರಿಗೆ ಫೋನ್ ಹಚ್ಚಿ ಹೇಳೇ ಬಿಡ್ತೇನಿ, ಕಾರ್ಡ್ ಕೆಟ್ಟೈತಿ ಅಂತ," ಎಂದ ವೀರಪ್ಪ.

ಕಾಶೆವ್ವ ಸವುಟು ಕೆಳಗಿಟ್ಟಳು. "ಹೇಳ್ರಿ. ಪಂಚಮಿ ಮುಂದ ಇಟ್ಕೊಂಡು ಅಳಿಯನ ಮಾಲಿಗಿ ಹೆಸರಿಡ್ರಿ. ಅವರವ್ವ ಮೊದಲ ಗಾಳಿ ಬಂದತ್ತ ಜಗಳಾ ಹುಡುಕಾಕಿ. ಮಗಳನ್ನ ಕಳಸೂದಿಲ್ಲ ಅಂದ್ರ ಈ ಉಂಡಿ ಯಾರಿಗಿ ತಿನ್ನಸ್ಲಿ, ನಿಮ್ಮ ಕಂಪ್ಯೂಟರಿಗೆ ತಿನ್ನಸ್ಲ್ಯಾ?"

"ಹಂಗಾರ ಅಂಗಡಿ ಮುಚ್ಲಿ?"

"ಸುಮ್ಮ ಗೋಕಾಕಿಗೆ ಹೋಗಿ ಒಂದು ಚಲೋ ಕಾರ್ಡ್ ತರ್ರಿ. ಯಾರ ಮುಂದೂ ಬಾಯಿ ತಗೀಬ್ಯಾಡ್ರಿ. ಅದೊಂದ ಆಗೂದಿಲ್ಲ ನಿಮ್ಮ ಕಡಿಂದ, ಗೊತ್ತೈತಿ. ಆದ್ರೂ ಹೇಳಾಕತ್ತೇನಿ."

ಅದೇ ಹೊತ್ತಿಗೆ ಲಕ್ಷ್ಮೀಯ ಫೋನು ಬಂತು. "ಅಪ್ಪಾ, ಆ ಕಾರ್ಡ್ ಹೆಂಗ ನಡದೈತಿ?" ಎಂದಳು. ಬೀಗರ ಮನೆಯವರು ಪಕ್ಕದಲ್ಲಿ ನಿಂತು ಅವಳಿಂದ ಕೇಳಿಸುತ್ತಿದ್ದಾರೆ ಎಂದುಕೊಂಡ ವೀರಪ್ಪ, ಇಡೀ ಹುಕ್ಕೇರಿಗೆ ಕೇಳುವಂತೆ, "ಭಾಳ ಚಲೋ ಐತವ್ವಾ. ಅಳಿಯಂದ್ರಿಗೆ ಹೇಳು," ಎಂದ. "ಅಪ್ಪಾ, ಒಂದ ಮಾತು ಹೇಳ್ತೇನಿ ಕೇಳು," ಎನ್ನುವಷ್ಟರಲ್ಲಿ ಫೋನು ಇಟ್ಟುಬಿಟ್ಟ.

ಗೋಕಾಕದ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಅಂಗಡಿ ಅಶೋಕನೆಂಬವನದು. ವೀರಪ್ಪ ಕೆಟ್ಟ ಕಾರ್ಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಹೋಗಿದ್ದ. ಬಿಚ್ಚಿ ತೋರಿಸಲಿಲ್ಲ. "ನೆಟ್‌ವರ್ಕ್ ಕಾರ್ಡ್ ಬೇಕು. ನಂಬಿಗಸ್ತ ಇರಬೇಕು," ಎಂದ, ಆಳು ಬೇಕೆನ್ನುವವರ ಹಾಗೆ.

ಅಶೋಕ ಗಾಜಿನ ಮೇಲೆ ನಾಲ್ಕಾರು ಡಬ್ಬಿ ಹರವಿದ. ಇದರ ಚಿಪ್ಪು ಇಂಥದ್ದು, ಇದನ್ನು ಕಂಪ್ಯೂಟರ್ ತಾನಾಗಿಯೇ ಗುರುತು ಹಿಡಿಯುತ್ತದೆ. ಇದು ಅಗ್ಗ, ಆದರೆ ಬಿಸಿಯಾದರೆ ಮಲಗುತ್ತದೆ. ಇದರ ಬಾಯಿ ಗಟ್ಟಿ, ವೈರು ಸಿಕ್ಕಿಸಿದರೆ ಟಕ್ ಎನ್ನುತ್ತದೆ. ಇದಕ್ಕೆ ಮೂರು ವರ್ಷದ ಗ್ಯಾರಂಟಿ ಎಂದು ವಿವರಿಸಿದ. ವೀರಪ್ಪ ಒಂದನ್ನೂ ಕೇಳಲಿಲ್ಲ. ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು, ಅಂಟಿಸಿದ ಅಂಚುಗಳನ್ನು ಉಗುರಿನಿಂದ ಕೆರೆದು ನೋಡಿದ. ಅಂಗೈಯಲ್ಲಿಟ್ಟು ತೂಗಿದ. ಒಂದನ್ನು ಮೂಸಿದ.

"ಅದನ್ನ ಬಿತ್ತಾಕ ಒಯ್ತೀರೇನ್ರಿ ಯಜಮಾನ್ರ?" ಎಂದ ಅಶೋಕ.

"ಮಾಲಿನ ಖರೇತನ ಹೊಲಿಗ್ಯಾಗ ಇರ್ತೈತಿ. ಒಳಗಿಂದು ಯಾವಾಗಲೂ ಸುಳ್ಳ ಹೇಳ್ತೈತಿ," ಎಂದ ವೀರಪ್ಪ. ಕೊನೆಗೆ ಯಾವುದರ ಅಂಟು ಉಗುರಿಗೂ ಬಗ್ಗಲಿಲ್ಲವೋ ಅದನ್ನೇ ಎತ್ತಿಕೊಂಡ. ಅಶೋಕ ಹೇಳಿದ ಗಟ್ಟಿ ಬಾಯಿಯ ಕಾರ್ಡೂ ಅದೇ ಆಗಿದ್ದದ್ದು ಅವನ ಪುಣ್ಯ.

ಆಗಲೇ ಸುಮ್ಮನೆ ಬಸ್ಸು ಹತ್ತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಶೋಕ, "ಅಳತಿ ತಪ್ಪಬಾರದು, ಹಳೇದು ತೋರಸ್ರಿ," ಎಂದ. ವೀರಪ್ಪ ಟವೆಲು ಬಿಚ್ಚಿದ. ಅಶೋಕ ಆ ಕಾರ್ಡನ್ನು ಬೆಳಕಿಗೆ ಹಿಡಿದು ನೋಡಿ ನಕ್ಕೇಬಿಟ್ಟ.

"ಇದನ್ನ ಯಾರ್ ಕೊಟ್ರು ನಿಮಗ? ವೈರ್ ಸಿಗಸೂ ಬಾಯಿ ಸಡಲ ಆಗಿ ಹೋಗೈತಿ. ಯಾರೋ ಬಳಸಿ ಬಿಟ್ಟಿದ್ದು ಇದು. ಇದರ ಡಬ್ಬಿ ಎಲ್ಲೆ?"

"ಡಬ್ಬಿ ಯಾಕೋ? ಹುಕ್ಕೇರಿ ಅಭಿಷೇಕ ನನ್ನ ಅಳಿಯ. ಅಂವ ಕೊಟ್ಟ ಮಾಲಿಗಿ ಡಬ್ಬಿ ಕೇಳಾಕ ನೀ ಯಾರು? ಅಂಥಾ ಹುಡುಗ ಈ ಮೂರು ತಾಲೂಕಿನಾಗ ಸಿಗೂದಿಲ್ಲ. ಹುಶಾರ್, ಅಂವ ಬಳಸಿದ್ದು ಕೊಟ್ಟಾನ ಅಂದ್ರ ನಿನ್ನ ಗಾಜ ಉಳಿಯೂದಿಲ್ಲ."

ಅಳಿಯನ ಮಾನ ಕಾಯಲು ವೀರಪ್ಪ ಗೋಕಾಕದ ಆ ಅಂಗಡಿಯಲ್ಲಿ ಒದರಿದಷ್ಟು ಯಾವ ಮಾವನೂ ಯಾವ ಊರಿನಲ್ಲೂ ಒದರಿರಲಾರ. ಬಸ್‌ಸ್ಟ್ಯಾಂಡಿನ ಜನ ಸೇರಿದರು. ಅವನು ಹೊಸ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು, ಹಳೆಯದನ್ನೂ ಕಿತ್ತುಕೊಂಡು ಹೊರಟ. ಅಶೋಕನಿಗೂ ಸಿಟ್ಟು ಬಂದಿತ್ತು. ಅಭಿಷೇಕ ಅವನಿಗೆ ವ್ಯಾಪಾರದ ಗುರುತಿನವನೇ. ಫೋನು ಹಚ್ಚಿ, "ನಿಮ್ಮ ಮಾವಾರು ಬಂದಿದ್ರಪಾ. ನೀ ಕೊಟ್ಟ ಕಾರ್ಡ್ ತೋರಿಸಿ, ನನ್ನ ಕಡಿಂದ ಬ್ಯಾರೆ ಕಾರ್ಡ್ ತಗೊಂಡು, ರಾಡಿ ಎಬ್ಬಿಸಿ ಹೋದ್ರು," ಎಂದ. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಯಾರ ಪರವಾಗಿ ರಾಡಿ ಎಬ್ಬಿಸಿದ ಎನ್ನುವುದನ್ನಷ್ಟೇ ಬಿಟ್ಟಿದ್ದ.

ವೀರಪ್ಪ ಮನೆ ಮುಟ್ಟುವ ಮೊದಲೇ ಹುಕ್ಕೇರಿಯ ಬೀಗತಿ ಯಮನವ್ವನ ಫೋನು ಮುಟ್ಟಿತ್ತು. ಕಾಶೆವ್ವ ಅದನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳುತ್ತಿದ್ದಳು, ಓಣಿಯವರೂ ಕೇಳುತ್ತಿದ್ದರು.

"ನಮ್ಮ ಹುಡುಗನ ಮಾಲ್ ಕೆಟ್ಟದ್ದಂತ ಗೋಕಾಕ ಬಸ್‌ಸ್ಟ್ಯಾಂಡಿನಾಗ ನಿಂತು ಸಾರ್ತಾರಂತ ಬೀಗ್ರು. ಕೆಟ್ಟ ಮಾಲಿನ ಮನಿಗೆ ಮಗಳನ್ನ ಯಾಕ ಕೊಟ್ರಿ? ಪಂಚಮಿಗೆ ಕರಿಯಾಕ ಬರಬ್ಯಾಡ್ರಿ. ನಾವು ಕಳಸೂದಿಲ್ಲ."

ಆ ಸಂಜೆ ಕಾಶೆವ್ವ ಗಂಡನಿಗೆ ಏನೆಂದಳು ಎಂಬುದನ್ನು ಬರೆಯುವಂತಿಲ್ಲ. ಅದರಲ್ಲಿ ಬರೆಯಬಹುದಾದ ಒಂದೇ ಮಾತೆಂದರೆ, "ಅಳಿಯನ ಕಾರ್ಡ್ ತಿರುಗಿ ಹಾಕ್ರಿ, ನಾಳೆ ಹುಕ್ಕೇರಿಗೆ ನಡೀರಿ."

ಹುಕ್ಕೇರಿಗೆ ಹೋದರು. ಉಂಡಿಯ ಡಬ್ಬಿ, ಬೀಗತಿಗೆ ಇಳಕಲ್ ಸೀರೆ, ಬೀಗರಿಗೆ ಧೋತರ, ಅಳಿಯನಿಗೆ ಮತ್ತೊಮ್ಮೆ ಪ್ಯಾಂಟು ಶರ್ಟು. ಯಮನವ್ವ ಸೀರೆಯ ಸೆರಗು ಬಿಚ್ಚಿ ನೋಡುತ್ತಲೇ ಬೈದಳು, ಮಡಚುತ್ತಲೂ ಬೈದಳು. ಅಭಿಷೇಕ ಮೊಬೈಲು ನೋಡುತ್ತ ಕೂತಿದ್ದ. ವೀರಪ್ಪನ ಸಿಟ್ಟು ಗಂಟಲಿಗೆ ಬಂದು, ಅಲ್ಲಿಂದ ಕೆಳಗಿಳಿದು, ಮತ್ತೆ ಮೇಲೇರಿ, ಕೊನೆಗೆ ಕೆಮ್ಮಾಗಿ ಹೊರಬಂತು.

"ಕಾರ್ಡ್ ಭಾರಿ ಐತ್ರಿ ಬೀಗತಿ. ಗೋಕಾಕಿನಾಗ ಕೊಂಡಿದ್ದು ಬ್ಯಾರೆಯವರ ಸಲುವಾಗಿ. ಅಳಿಯಂದ್ರ ಕಾರ್ಡಿನ ಮ್ಯಾಲೇ ನಮ್ಮ ಅಂಗಡಿ ನಿಂತೈತಿ."

ಚಹಾ ತಂದ ಲಕ್ಷ್ಮೀ, "ಖರೇನ ಅಪ್ಪಾ? ಒಮ್ಮೆಯೂ ನಿಂತಿಲ್ಲ?" ಎಂದು ಅವನ ಮುಖವನ್ನೇ ನೋಡಿದಳು.

"ಹಿರೇರು ಮಾತಾಡುವಾಗ ನಡುವ ಬರಬ್ಯಾಡವ್ವಾ," ಎಂದ ವೀರಪ್ಪ. ಲಕ್ಷ್ಮೀ ಚಹಾದ ಕಪ್ಪು ಬಸಿ ಇಟ್ಟು ಒಳಗೆ ಹೋದಳು. ಅವಳ ಬೆನ್ನು ನೋಡಿ ಕಾಶೆವ್ವನಿಗೆ ಯಾಕೋ ಸರಿ ಕಾಣಲಿಲ್ಲ, ಆದರೆ ಕೇಳುವ ಹಾಗಿರಲಿಲ್ಲ.

ಯಮನವ್ವ ತೀರ್ಪು ಕೊಟ್ಟಳು. "ಹಂಗಾರ ರೊಟ್ಟಿ ಪಂಚಮಿ ದಿನ ನಾವ ಬರ್ತೀವಿ, ಲಕ್ಷ್ಮೀನ ಕರ್ಕೊಂಡು. ನಿಮ್ಮ ಅಂಗಡ್ಯಾಗ ಕುಂತು ಕಣ್ಣಾರೆ ನೋಡ್ತೀವಿ. ನಮ್ಮ ಹುಡುಗನ ಕಾರ್ಡ್ ನಡೀತಿದ್ರ ನಿಮ್ಮ ಮಗಳು ನಿಮ್ಮನ್ಯಾಗ ಇರ್ತಾಳ. ಇಲ್ಲಾ, ಅದೇ ಗಾಡ್ಯಾಗ ತಿರುಗಿ ಒಯ್ತೀವಿ."

ಹೀಗೆ, ಗ್ಯಾರಂಟಿಯಿದ್ದ ಕಾರ್ಡು ವೀರಪ್ಪನ ಹಣದ ಗಲ್ಲೆಯ ಕೆಳಗೆ ಡಬ್ಬಿಯಲ್ಲೇ ಮಲಗಿತು, ಸಡಿಲ ಬಾಯಿಯ ಕಾರ್ಡು ಕಂಪ್ಯೂಟರಿನಲ್ಲಿ ಮೆರೆಯಿತು. ಅದನ್ನು ನಡೆಸುವ ವಿದ್ಯೆಯನ್ನು ಸತ್ಯಪ್ಪನೇ ಕಂಡುಹಿಡಿದ. ವೈರನ್ನು ತುಸು ಮೇಲಕ್ಕೆ, ತುಸು ಎಡಕ್ಕೆ ಎತ್ತಿ ಹಿಡಿದರೆ ನೆಟ್ಟು ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಕಲ್ಲು ಇಟ್ಟರು, ಚೀಲದ ದಾರ ಕಟ್ಟಿದರು, ಚಹಾದ ಗ್ಲಾಸು ಆನಿಸಿದರು. ಕಾರ್ಡು ಮನುಷ್ಯರ ಕೈಗಲ್ಲದೆ ಬೇರೆ ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ವೀರಪ್ಪ ಒಂದು ನೇಮ ಮಾಡಿದ: ಪಾಳಿಯಲ್ಲಿ ಹಿಂದೆ ನಿಂತವನು ಮುಂದಿನವನ ಬಿಲ್ಲು ಆಗುವವರೆಗೆ ವೈರು ಹಿಡಿಯಬೇಕು.

"ನಾ ಗೊಬ್ಬರಾ ಒಯ್ಯಾಕ ಬಂದೇನೋ, ಇದಕ್ಕ ಸಲಾಯಿನ್ ಬಾಟ್ಲಿ ಹಿಡಿಯಾಕ ಬಂದೇನೋ?" ಎಂದಳು ಲಗಮವ್ವ, ಕೈ ಮೇಲೆತ್ತಿ ನಿಂತು. ದಿನಾ ಅವಳ ಸರದಿ ಬರುವಷ್ಟರಲ್ಲಿ ನೆಟ್ಟು ಹೋಗುತ್ತಿತ್ತು, ಅವಳಿಗೆ ಇನ್ನೂ ಯೂರಿಯಾ ಸಿಕ್ಕಿರಲಿಲ್ಲ. ಗೋವಿನಜೋಳ ಹಳದಿಯಾಗುತ್ತಿತ್ತು.

"ಹಿಡಿಯಬೇ, ಬಾಯಿ ಮುಚ್ಚು," ಎಂದು ವೀರಪ್ಪ ಒದರಿದ.

"ನನ್ನ ಬಾಯಿ ಮುಚ್ಚಸ್ತೀರಿ. ಆ ಕಾರ್ಡಿನ ಬಾಯಿ ಮುಚ್ಚಸಾಕ ನಿಮಗ ಧಮ್ ಇಲ್ಲ. ಹಾಕಿದಾಂವಗ ಹೋಗಿ ಒದರ್ರಿ."

ವೀರಪ್ಪ ಎಮ್ಮೆಯನ್ನು ಓಡಿಸಲು ಹೊರಗೆ ಹೋದ. ಎಮ್ಮೆ ಅವತ್ತು ಅಲ್ಲಿರಲೇ ಇಲ್ಲ.

ಹಬ್ಬದ ಮೊದಲ ದಿನವಾದ ರೊಟ್ಟಿ ಪಂಚಮಿಗೆ ಹುಕ್ಕೇರಿಯ ಗಾಡಿ ಬಂತು. ಯಮನವ್ವ ಹೊಸ ಇಳಕಲ್ ಸೀರೆಯಲ್ಲೇ ಇಳಿದಳು. ಅಭಿಷೇಕ ಹೊಸ ಪ್ಯಾಂಟಿನಲ್ಲಿ ಇಳಿದ. ಲಕ್ಷ್ಮೀ ಒಂದು ಚೀಲ ಹಿಡಿದು ಕೊನೆಗೆ ಇಳಿದಳು. ಅದನ್ನು ಮನೆಯೊಳಗೆ ಇಡಬೇಕೋ ಗಾಡಿಯಲ್ಲೇ ಬಿಡಬೇಕೋ ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು. ಅದನ್ನು ನೋಡಿ ಕಾಶೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಬರ್ರಿ ಅಳಿಯಂದ್ರ, ಕೂಡ್ರಿ, ಇಲ್ಲೇ ಕೂಡ್ರಿ," ಎಂದು ವೀರಪ್ಪ ಟವೆಲಿನಿಂದ ತನ್ನ ಕುರ್ಚಿಯನ್ನು ಒರೆಸಿ ಕೂರಿಸಿದ. ಯಮನವ್ವ ಸ್ಟೂಲಿನ ಮೇಲೆ ಕೂತು ಪರದೆಯತ್ತ ಕಣ್ಣು ನೆಟ್ಟಳು. ಪಾಳಿಯ ಮೊದಲಿಗೆ ಲಗಮವ್ವ ಇದ್ದಳು. ಹಬ್ಬದ ದಿನ ಇವಳೇಕೆ ಬಂದಳೆಂದು ವೀರಪ್ಪ ಮನಸ್ಸಿನಲ್ಲೇ ಉರಿದ. ಬೆಳೆಗೆ ಹಬ್ಬ ಗೊತ್ತಿಲ್ಲ, ಅದಕ್ಕೆ ಬಂದಿದ್ದಳು.

ಅವಳು ಒತ್ತಿದಳು, ಬಿಲ್ಲು ಬಂತು. ಹಿಂದಿನವನು ಒತ್ತಿದ, ಬಿಲ್ಲು ಬಂತು. ಅವನ ಹಿಂದಿನವನದೂ ಬಂತು. ಯಮನವ್ವನ ಮುಖ ತುಸು ಸಡಿಲಾಯಿತು. "ಹ್ಞೂಂ, ಚಲೋ ನಡದೈತಲ್ಲ," ಎಂದಳು. ಲಗಮವ್ವ ತನ್ನ ಚೀಲದ ಮೇಲೆ ಕೈಯಿಟ್ಟುಕೊಂಡು, ಹೋಗದೆ, ಅಂಗಡಿಯ ಮೂಲೆಯಲ್ಲಿ ಪೇರಿಸಿದ್ದ ಯೂರಿಯಾ ಚೀಲಗಳ ಕಡೆ ಕುತೂಹಲದಿಂದ ನೋಡುತ್ತ ನಿಂತಳು.

ಆ ಚೀಲಗಳ ಹಿಂದೆ ಸತ್ಯಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಗೋಡೆಯಗುಂಟ ಬಂದ ವೈರನ್ನು ತುಸು ಮೇಲಕ್ಕೆ, ತುಸು ಎಡಕ್ಕೆ ಹಿಡಿದಿದ್ದ. ವೀರಪ್ಪ ಅವನನ್ನು ಬೆಳಿಗ್ಗೆಯೇ ಒಳಗೆ ಹೊಗಿಸಿ ಮುಂದೆ ಚೀಲ ಪೇರಿಸಿದ್ದ. ಸತ್ಯಪ್ಪ ಕಾಕಾನ ಮಗಳ ಸಲುವಾಗಿ ಕಾಲು ಜೋಮು ಹಿಡಿದರೂ ಸಹಿಸಿದ, ಸೊಳ್ಳೆ ಕಚ್ಚಿದರೂ ಸಹಿಸಿದ. ಚೀಲದ ಧೂಳು ಮೂಗಿಗೆ ಹೋದಾಗ ಮಾತ್ರ ಅವನ ಕೈಯಲ್ಲಿ ಏನೂ ಉಳಿಯಲಿಲ್ಲ. ಅವನು ಸೀನಿದ. ಒಂದಲ್ಲ, ಸಾಲಾಗಿ ಸೀನಿದ.

ಪರದೆಯ ಮೇಲೆ ಚಕ್ರ ತಿರುಗತೊಡಗಿತು.

ಅಭಿಷೇಕ ಎದ್ದು ಹೋಗಿ ಮೇಲಿನ ಚೀಲ ಸರಿಸಿದ. ಕೆಳಗೆ ಸತ್ಯಪ್ಪ ಧೂಳು ಮೆತ್ತಿದ ಬಿಳಿ ಹುಬ್ಬಿನಲ್ಲಿ ಅವನನ್ನೇ ನೋಡುತ್ತ, "ಶರಣ್ರಿ ಅಳಿಯಂದ್ರ," ಎಂದ.

"ಇವರ್ಯಾರ್ರಿ ಮಾವಾರ?"

ವೀರಪ್ಪ ಬಾಯಿ ತೆರೆಯುವ ಮೊದಲೇ ಲಗಮವ್ವ ಹೇಳಿದಳು. "ಅವರ್ರಿ ನೆಟ್‌ವರ್ಕ್. ದಿನಾ ನಾವ ಹಿಡೀತಿದ್ವಿ. ಇವತ್ತ ಬೀಗರು ಬರ್ತಾರಂತ ಮರ್ಯಾದಿ ಮಂದಿನ್ನ ಕುಂಡ್ರಿಸ್ಯಾರ."

ಯಮನವ್ವ ಸ್ಟೂಲಿನಿಂದ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ನಾಟಕ ಮಾಡಾಕತ್ತೀರೇನು, ನಮ್ಮ ಹುಡುಗನ್ನ ಪಾಳಿ ಮುಂದ ಹುಚ್ಚನ್ನ ಮಾಡ್ತೀರೇನು ಎಂದು ಶುರುಮಾಡಿ, ಮದುವೆಯಲ್ಲಿ ಊಟಕ್ಕೆ ತಡವಾದದ್ದರವರೆಗೂ ಹೋದಳು. "ನಡಿ ಲಕ್ಷ್ಮೀ, ಗಾಡಿ ಹತ್ತು," ಎಂದಳು.

ವೀರಪ್ಪ ಎರಡೂ ಕೈ ಮುಗಿದ. ಊರೆಲ್ಲ ನೋಡುತ್ತಿತ್ತು, ಅವನಿಗೆ ಲೆಕ್ಕಕ್ಕೇ ಬರಲಿಲ್ಲ. ಮಗಳ ಕೈಯಲ್ಲಿದ್ದ ಚೀಲವೊಂದೇ ಕಾಣುತ್ತಿತ್ತು. "ತಪ್ಪು ನಂದ್ರಿ ಬೀಗತಿ. ಕಾರ್ಡ್ ಚಲೋ ಐತ್ರಿ. ನಮ್ಮ ಕಂಪ್ಯೂಟರ್ ಕೆಟ್ಟೈತಿ, ನಮ್ಮ ವೈರ್ ಕೆಟ್ಟೈತಿ, ನನಗ ಬಳಸಾಕ ಬರೂದಿಲ್ಲ. ಹುಡುಗಿನ್ನ ನಾಕ ದಿನ ಬಿಟ್ಟು ಹೋಗ್ರಿ."

ಅಭಿಷೇಕ ತಿರುಗಿ ಬಂದು ಕುರ್ಚಿಯಲ್ಲಿ ಕೂತ. ಕಾಲ ಮೇಲೆ ಕಾಲು ಹಾಕಿದ. "ಹೌದ್ರಿ ಮಾವಾರ, ನಿಮ್ಮ ಕಂಪ್ಯೂಟರ್ ಹಳೇದಾಗೈತಿ. ಹೊಸಾ ಕಾರ್ಡಿಗೆ ತಡಿಯೂದಿಲ್ಲ. ನಮ್ಮ ಕಡಿಂದ ಒಂದು ಹೊಸಾ ಕಂಪ್ಯೂಟರ್ ತಗೋರಿ."

"ಹೌದ್ರಿ, ತಗೊಳ್ಳೂಣ್ರಿ," ಎಂದ ವೀರಪ್ಪ.

"ಅಪ್ಪಾ."

ಲಕ್ಷ್ಮೀ ಚೀಲವನ್ನು ನೆಲಕ್ಕಿಟ್ಟಳು.

"ಆ ಕಾರ್ಡ್ ಹೊಸಾದಲ್ಲ. ಸಂಕೇಶ್ವರದ ಗಿರಾಕಿ ಒಬ್ರು ಬೈದು ತಿರುಗಿ ಕೊಟ್ಟು ಹೋಗಿದ್ರು. ಇವರು ಅದನ್ನ ಕಿಸೇಕ ಹಾಕ್ಕೊಳ್ಳುವಾಗ ನಾ ಅಲ್ಲೇ ಇದ್ದೆ. ಅದು ಕೆಟ್ಟೈತಿ, ಅಪ್ಪನ ಅಂಗಡ್ಯಾಗ ಮಂದಿ ಪಾಳಿ ಹಚ್ಚಿರ್ತಾರ, ಚಲೋದು ಒಯ್ರಿ ಅಂದೆ. ಇವರು ನಕ್ರು. ಇದು ನಿಮ್ಮಪ್ಪಗ ಸಾಕು, ಬ್ಯಾರೆ ಯಾರಿಗಿ ಕೊಟ್ರೂ ತಿರುಗಿ ಬರ್ತೈತಿ, ಮಾವ ತಿರುಗಿ ತರಂಗಿಲ್ಲ, ಮಾವ ಏನೂ ಅನ್ನಂಗಿಲ್ಲ ಅಂದ್ರು. ನಾ ಅಂದೆ, ನಮ್ಮಪ್ಪನ ಸಿಟ್ಟು ನಿಮಗ ಗೊತ್ತಿಲ್ಲ. ಬ್ಯಾಸತ್ತು ಒಂದ ದಿನ ಹುಕ್ಕೇರಿಗೆ ಬಂದು ನಿಮ್ಮ ಅಂಗಡಿ ಮುಂದ ಒದರ್ತಾನ ನೋಡ್ರಿ ಅಂದೆ. ದಿನಾ ದಾರಿ ನೋಡಿದೆ. ನೀ ಬಂದಿ. ಸೀರಿ ತಂದಿ."

ಪಾಳಿಯವರೆಲ್ಲ ವೀರಪ್ಪನ ಕಡೆ ತಿರುಗಿದರು. ಸತ್ಯಪ್ಪ ರೂಢಿಯ ಮೇಲೆ ಒಂದು ಚೀಲದ ಮರೆಗೆ ಸರಿದು ಕಿವಿ ಮುಚ್ಚಿಕೊಂಡ. ಇಷ್ಟು ವರ್ಷ ಸಕ್ಕರೆ ಹೆಚ್ಚಾದದ್ದಕ್ಕೇ ಓಣಿ ನಡುಗಿಸಿದವನು ಇವತ್ತು ಏನು ಮಾಡುತ್ತಾನೋ ಎಂದು ಎಲ್ಲರೂ ಕಾಯುತ್ತಿದ್ದರು. ಯಮನವ್ವ ಕೂಡ ಸೆರಗು ಸರಿಪಡಿಸಿಕೊಂಡು ಸಿದ್ಧಳಾದಳು.

ವೀರಪ್ಪ ಒದರಲಿಲ್ಲ. ಸಿಟ್ಟು ಬಂದಿತ್ತು, ಅಷ್ಟು ಸಿಟ್ಟು ಅವನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಆದರೆ ಅದಕ್ಕೆ ದನಿ ಬೇಕಾಗಲಿಲ್ಲ.

"ಅಭಿಷೇಕ, ಏಳು," ಎಂದ.

"ಮಾವಾರ, ಅದು ಏನಾಗೈತಿ ಅಂದ್ರ..."

"ಕುರ್ಚಿ ಬಿಡು. ಲಕ್ಷ್ಮೀ ಕೂಡ್ತಾಳ."

ಅಭಿಷೇಕ ಎದ್ದ. ಯಾಕೆ ಎದ್ದೆನೆಂದು ಅವನಿಗೇ ತಿಳಿಯಲಿಲ್ಲ. ಯಮನವ್ವ ಮಾತ್ರ, "ಮನಿ ಅಳಿಯಗ ಹಿಂಗ ಮಾತಾಡ್ತಾರೇನ್ರಿ ಯಾರರೆ?" ಎಂದಳು.

ಇಷ್ಟು ದಿನ ಗಂಡನ ಬಾಯಿ ಮುಚ್ಚಿಸಿದ್ದ ಕಾಶೆವ್ವ ಮುಂದೆ ಬಂದು ನಿಂತಳು. "ಮೊದಲ ಮಾತಾಡಬೇಕಾಗಿತ್ತು ಬೀಗತಿ. ಬ್ಯಾಡ ಅಂದಾಕಿ ನಾನೇ. ಅಳಿಯಗ ಬಿರುಸು ಮಾತು ಆಡಿದ್ರ ಮಗಳಿಗೆ ತ್ರಾಸ ಆಗ್ತೈತಿ ಅಂತ ಅಂಜಿದ್ದೆ. ಆಡದಿದ್ದಕ್ಕೇ ತ್ರಾಸ ಆತು. ಹಬ್ಬ ಐತಿ, ಒಳಗ ಬಂದು ರೊಟ್ಟಿ ತಿನ್ರಿ. ಮಗಳು ಗಾಡಿ ಹತ್ತೂದಿಲ್ಲ."

ಲಕ್ಷ್ಮೀ ಆಗಲೇ ಕಂಪ್ಯೂಟರಿನ ಹೊಟ್ಟೆ ಬಿಚ್ಚಿದ್ದಳು. ವೀರಪ್ಪ ಗಲ್ಲೆಯ ಕೆಳಗಿನಿಂದ ಗೋಕಾಕದ ಡಬ್ಬಿ ತೆಗೆದುಕೊಟ್ಟ. ಅವಳು ಅಂಟನ್ನು ಕತ್ತರಿಸಿ, ಹಳೆಯದನ್ನು ಕಿತ್ತು ಗಲ್ಲೆಯ ಮೇಲಿಟ್ಟು, ಹೊಸದನ್ನು ಕೂರಿಸಿ, ವೈರು ಸಿಕ್ಕಿಸಿದಳು. ಟಕ್ ಎಂದಿತು. ಪಾಳಿಯಲ್ಲಿ ಮುಂದೆ ಬಂದವನು ಹೆಬ್ಬೆಟ್ಟು ಒತ್ತಿದ. ಯಾರೂ ವೈರು ಹಿಡಿಯಲಿಲ್ಲ, ಬಿಲ್ಲು ಹೊರಬಂತು. ಯಮನವ್ವ ಬಿಲ್ಲನ್ನು ನೋಡಿ, ಕಾಶೆವ್ವನ ಹಿಂದೆ ರೊಟ್ಟಿಗೆ ಹೋದಳು.

ಅಭಿಷೇಕ ಹೊಸ ಪ್ಯಾಂಟಿನಲ್ಲಿ ಅಂಗಡಿಯ ನಡುವೆ ಉಳಿದ. ಕೂರಲು ಸ್ಟೂಲು ಇತ್ತು, ಅದು ಉರುಳಿಬಿದ್ದಿತ್ತು, ಎತ್ತಿ ಕೊಡುವವರಿರಲಿಲ್ಲ. ಕೊನೆಗೆ ವೀರಪ್ಪನ ಹತ್ತಿರ ಬಂದ.

"ಮಾವಾರ, ಲಕ್ಷ್ಮೀನ ಕರಿಯಾಕ ಯಾವಾಗ ಬರ್ಲಿ?"

"ನನ್ನ ಯಾಕ ಕೇಳ್ತೀ? ಅಕೀನ್ನ ಕೇಳು."

ಅಭಿಷೇಕ ಲಕ್ಷ್ಮೀ ಕೂತ ಗಲ್ಲೆಯ ಕಡೆ ಹೆಜ್ಜೆಯಿಟ್ಟ. ಲಗಮವ್ವ ಅವನಿಗೆ ಅಡ್ಡವಾಗಿ ತನ್ನ ಯೂರಿಯಾ ಚೀಲ ಎಳೆದಿಟ್ಟಳು. "ನಡುವ ಹೊಗಬ್ಯಾಡ್ರಿ ಅಳಿಯಂದ್ರ. ಮಂದಿ ಮುಂಜಾನಿಂದ ನಿಂತಾರ. ಪಾಳಿ ಹಚ್ರಿ."

ಅವನು ಮಾವನ ಮುಖ ನೋಡಿದ. ಮಾವ ಏನೂ ಅನ್ನಲಿಲ್ಲ. ಅಭಿಷೇಕ ಹೊರಗೆ ಹೋಗಿ, ತಿರುವಿನ ಹತ್ತಿರ, ಎಲ್ಲರಿಗಿಂತ ಹಿಂದೆ ನಿಂತುಕೊಂಡ. ಲಕ್ಷ್ಮೀ ಪರದೆಯಿಂದ ತಲೆಯೆತ್ತದೆ, "ಮುಂದಿನವರು ಬರ್ರಿ," ಎಂದಳು.